ಕಣ್ಣು ಮುಚ್ಚಿ ಕುಳಿತವನು: ಅಲಿಪಿಯಸ್‌ನ ಪ್ರಕರಣ

ಮಧ್ಯಾಹ್ನದ ಊಟ ಮುಗಿಸಿ ಬರುತ್ತಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕಿದ್ದೇ ಈ ಪ್ರಕರಣಕ್ಕೆ ನೆಪ. ಊರು ರೋಮ್; ಕಾಲ ಕ್ರಿಸ್ತಶಕ 380ರ ದಶಕದ ಮೊದಲ ವರ್ಷಗಳು. ಅಲಿಪಿಯಸ್ ಉತ್ತರ ಆಫ್ರಿಕಾದ ತಗಸ್ತೆ ಎಂಬ ಸಣ್ಣ ಊರಿನ ದೊಡ್ಡ ಮನೆತನದ ಹುಡುಗ, ಕಾನೂನು ಕಲಿಯಲು ಸಮುದ್ರ ದಾಟಿ ಬಂದಿದ್ದ. ಗೆಳೆಯರು ಹೊರಟಿದ್ದು ಗ್ಲಾಡಿಯೇಟರ್‌ಗಳ ಕಾಳಗ ನೋಡುವುದಕ್ಕೆ. ಇವನಿಗೆ ಆ ಆಟವೆಂದರೆ ಹೇಸಿಗೆ. ಒಲ್ಲೆನೆಂದ. ಅವರು ಕೇಳಲಿಲ್ಲ, ಸಲುಗೆಯ ಜಬರದಸ್ತಿಯಲ್ಲಿ ಎಳೆದುಕೊಂಡೇ ಹೊರಟರು. ಆಗ ಅವನು ಹೇಳಿದ ಮಾತಿನ ಸಾರ ಇದು: ನನ್ನ ಮೈಯನ್ನು ಎಳೆದೊಯ್ದು ಅಲ್ಲಿ ಕೂರಿಸಬಹುದು, ನನ್ನ ಮನಸ್ಸನ್ನೂ ಕಣ್ಣನ್ನೂ ಆ ಕಡೆಗೆ ತಿರುಗಿಸಲು ನಿಮ್ಮಿಂದಾದೀತೇ? ಅಲ್ಲಿದ್ದೂ ಇಲ್ಲದವನಂತೆ ಇರುತ್ತೇನೆ. ನಿಮ್ಮನ್ನೂ ಗೆಲ್ಲುತ್ತೇನೆ, ಆ ಆಟವನ್ನೂ ಗೆಲ್ಲುತ್ತೇನೆ.

ಇದನ್ನು ಓದಿದಾಗಲೆಲ್ಲ ನಾನು ತಡವರಿಸುವುದು ಆ ಕೊನೆಯ ಕ್ರಿಯಾಪದದ ಬಳಿ. ಗೆಲ್ಲು ಎಂದು ಅವನಿಗೆ ಹೇಳಿದವರು ಯಾರು? ಕೈ ಕೊಡವಿಕೊಂಡು ಮನೆಗೆ ಹೋಗಿದ್ದರೆ ಸಾಕಿತ್ತು. ಗೆಳೆಯರು ಎರಡು ದಿನ ಗೇಲಿ ಮಾಡಿ ಮರೆಯುತ್ತಿದ್ದರು. ಅವನು ಮನೆಗೆ ಹೋಗದೆ ಪಂಥ ಕಟ್ಟಿದ.

ಈ ಘಟನೆ ನಮಗೆ ತಿಳಿದಿರುವುದು ಅವನ ಗುರುವೂ ಗೆಳೆಯನೂ ಆಗಿದ್ದ, ಮುಂದೆ ಕ್ರೈಸ್ತ ಲೋಕದ ದೊಡ್ಡ ಚಿಂತಕನೆನಿಸಿದ ಅಗಸ್ಟೀನನಿಂದ. 397ರ ಸುಮಾರಿಗೆ ಬರೆಯತೊಡಗಿದ 'ಕನ್ಫೆಷನ್ಸ್' ಎಂಬ ಆತ್ಮಕಥನದ ಆರನೆಯ ಭಾಗದಲ್ಲಿ ಅವನು ಇದನ್ನು ಹೆಸರು ಸಮೇತ ಹೇಳುತ್ತಾನೆ. ಆ ಹೊತ್ತಿಗೆ ಅಲಿಪಿಯಸ್ ಬದುಕಿದ್ದ. ಬದುಕಿದ್ದಷ್ಟೇ ಅಲ್ಲ, ಹುಟ್ಟೂರು ತಗಸ್ತೆಗೆ ಬಿಷಪ್ ಆಗಿದ್ದ. ತಮ್ಮ ಬಿಷಪ್ ಒಂದು ಕಾಲದಲ್ಲಿ ರಕ್ತ ನೋಡಿ ಕೇಕೆ ಹಾಕಿದವರು ಎಂದು ಅವನ ಸಭೆಯ, ಅಂದರೆ ಚರ್ಚಿನ, ಜನ ಓದಬಹುದಿತ್ತು. ಇಟಲಿಯ ನೋಲ ಎಂಬ ಊರಿನಲ್ಲಿದ್ದ ಕ್ರೈಸ್ತ ವಿರಕ್ತ ಪೌಲಿನಸ್ ಅಲಿಪಿಯಸ್‌ನ ಜೀವನವೃತ್ತಾಂತ ಬರೆದು ಕಳಿಸುವಂತೆ ಕೇಳಿದ್ದ. ತನ್ನ ಬಗ್ಗೆ ತಾನೇ ಬರೆಯಲು ಅವನು ಸಂಕೋಚಪಟ್ಟಾಗ ಆ ಹೊರೆ ಅಗಸ್ಟೀನನ ಹೆಗಲಿಗೆ ಬಂದಿತ್ತು. ಮುಂದೆ ಸಂತನೆನಿಸಿಕೊಂಡವನನ್ನು ನಾನು ಏಕವಚನದಲ್ಲಿ ಕರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಪ್ರಕರಣದ ಬಹುಪಾಲು ಅವನಿನ್ನೂ ವಿದ್ಯಾರ್ಥಿ.

ಅಗಸ್ಟೀನನ ಸ್ವಂತ ಕಥೆ ಎಲ್ಲರಿಗೂ ಗೊತ್ತು: ಕಾಮದ ಸೆರೆ, ತೋಟದ ಕಣ್ಣೀರು, ಎತ್ತಿಕೊಂಡು ಓದು ಎಂದ ಮಗುವಿನ ದನಿ. ಅದೇ ತೋಟದಲ್ಲಿ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದವನು ಅಲಿಪಿಯಸ್. ಅವನನ್ನು ಯಾರೂ ಕೇಳುವುದಿಲ್ಲ. ನಾನು ಅವನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸಭೆಯಲ್ಲಿ ಒಬ್ಬರ ಪಕ್ಕ ಕುಳಿತು ಅವರ ಕಷ್ಟ ಕೇಳುವ ಕೆಲಸ ಮಾಡಿದವರಿಗೆಲ್ಲ ಅವನ ಪರಿಚಯವಿರುತ್ತದೆ. ಅವನು ಕೆಟ್ಟವನಲ್ಲ, ಒಳ್ಳೆಯ ಹುಡುಗ. ಅವನ ಪಾಪವೋ, ಬರೀ ನೋಡುವುದು. ಯಾರನ್ನೂ ಕೊಲ್ಲಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಕೂತು ನೋಡಿದ. ಅಂಗೈಯಲ್ಲೇ ರಂಗಸ್ಥಳ ಹಿಡಿದುಕೊಂಡು ತಿರುಗುವ ನಮ್ಮ ಕಾಲಕ್ಕೆ ಇದಕ್ಕಿಂತ ಹತ್ತಿರದ ಪ್ರಕರಣ ನನಗೆ ಸಿಕ್ಕಿಲ್ಲ.

ಮೊದಲನೆಯ ಚಟ, ಮೊದಲನೆಯ ಬಿಡುಗಡೆ

ರೋಮಿಗೆ ಬರುವ ಮೊದಲೇ ಅವನಿಗೆ ಇಂಥದ್ದೊಂದು ಚಟ ಹತ್ತಿ ಬಿಟ್ಟಿತ್ತು. ಕಾರ್ಥೇಜಿನಲ್ಲಿ ಓದುವಾಗ ಸರ್ಕಸ್ಸಿನ ಹುಚ್ಚು. ಸರ್ಕಸ್ ಎಂದರೆ ಆ ಕಾಲದಲ್ಲಿ ರಥಗಳ ಓಟ. ಅಗಸ್ಟೀನ ಆಗ ಅದೇ ಊರಿನಲ್ಲಿ ವಾಗ್ಮಿತೆ ಕಲಿಸುವ ಮೇಷ್ಟ್ರು. ಅಲಿಪಿಯಸ್‌ನ ತಂದೆಗೂ ಅವನಿಗೂ ಏನೋ ಮನಸ್ತಾಪ, ಹಾಗಾಗಿ ಹುಡುಗ ಇವನ ತರಗತಿಗೆ ಸೇರಿರಲಿಲ್ಲ. ಆಗೀಗ ಬಂದು ನಮಸ್ಕರಿಸಿ, ಸ್ವಲ್ಪ ಹೊತ್ತು ಕೇಳಿ ಹೋಗುತ್ತಿದ್ದ. ಪ್ರತಿಭಾವಂತ ಹುಡುಗ ಹಾಳಾಗುತ್ತಿದ್ದಾನಲ್ಲ ಎಂಬ ಕಳವಳ ಮೇಷ್ಟ್ರಿಗಿತ್ತು. ಹೇಳುವ ಅಧಿಕಾರ ಇರಲಿಲ್ಲ, ಆಮೇಲಾಮೇಲೆ ನೆನಪೂ ಇರಲಿಲ್ಲ.

ಒಂದು ದಿನ ಪಾಠದ ನಡುವೆ ಯಾವುದೋ ಸಾಲನ್ನು ಬಿಡಿಸಿ ಹೇಳಲು ರಥದೋಟದ ಉಪಮೆಯನ್ನು ತಂದು, ಆ ಹುಚ್ಚಿಗೆ ಬಿದ್ದವರನ್ನು ಅಗಸ್ಟೀನ ಚೆನ್ನಾಗಿ ಲೇವಡಿ ಮಾಡಿದ. ಅಲಿಪಿಯಸ್ ಆ ಹೊತ್ತಿಗೆ ಬಂದು ಕುಳಿತಿದ್ದ. ಅವನ ನೆನಪೇ ನನಗಿರಲಿಲ್ಲ, ದೇವರಿಗೆ ಗೊತ್ತು ಎಂದು ಅಗಸ್ಟೀನ ಬರೆಯುತ್ತಾನೆ. ಹುಡುಗ ಮಾತ್ರ ಅದು ತನಗೆಂದೇ ಆಡಿದ ಮಾತೆಂದುಕೊಂಡ. ಬೇರೆಯವರಾಗಿದ್ದರೆ ಮೇಷ್ಟ್ರ ಮೇಲೆ ಕೋಪಿಸಿಕೊಳ್ಳುತ್ತಿದ್ದರು; ಅವನು ತನ್ನ ಮೇಲೇ ಕೋಪಿಸಿಕೊಂಡ, ಮೇಷ್ಟ್ರನ್ನು ಇನ್ನಷ್ಟು ಹಚ್ಚಿಕೊಂಡ. ಮನಸ್ಸನ್ನು ಒಮ್ಮೆ ಜೋರಾಗಿ ಒದರಿದ, ಸರ್ಕಸ್ಸಿನ ಕೊಳೆಯೆಲ್ಲ ಉದುರಿಹೋಯಿತು. ಮತ್ತೆಂದೂ ಆ ಕಡೆ ಕಾಲಿಡಲಿಲ್ಲ.

ಸಾಕ್ಷಿ ಹೇಳುವ ಕೂಟಗಳಲ್ಲಿ ನಾವು ಕೇಳಲು ಬಯಸುವ ಕಥೆ ಇಂಥದ್ದೇ. ಒಂದು ಮಾತು ಬಿತ್ತು, ಒಂದೇ ದಿನದಲ್ಲಿ ಬಿಟ್ಟೆ. ಕಥೆ ಸುಳ್ಳಲ್ಲ. ಆದರೆ ಪ್ರಕರಣವನ್ನು ಇಲ್ಲಿಗೇ ಮುಚ್ಚಿದ್ದರೆ ಅಲಿಪಿಯಸ್‌ನ ಬಗ್ಗೆ ನಮಗೆ ತಪ್ಪು ತಿಳಿವಳಿಕೆ ಉಳಿಯುತ್ತಿತ್ತು; ಅವನಿಗೇ ತನ್ನ ಬಗ್ಗೆ ಆ ತಪ್ಪು ತಿಳಿವಳಿಕೆ ಉಳಿಯಿತೆಂದು ನನ್ನ ಅನುಮಾನ. ಒಮ್ಮೆ ಒದರಿ ಎದ್ದವನಿಗೆ ಒದರಿದರೆ ಉದುರುತ್ತದೆ ಎಂಬ ನಂಬಿಕೆ ಬಲಿಯುತ್ತದೆ. ರೋಮಿನ ಬೀದಿಯಲ್ಲಿ ಗೆಲ್ಲುತ್ತೇನೆ ಎಂದವನು ಮೊದಲು ಒಮ್ಮೆ ಗೆದ್ದವನೇ ತಾನೇ?

ಅಂಕಣದಲ್ಲಿ ನಡೆದದ್ದು

ಗ್ಲಾಡಿಯೇಟರ್ ಕಾಳಗಕ್ಕೆ ವಿರುದ್ಧವಾಗಿ 325ರಲ್ಲೇ ಚಕ್ರವರ್ತಿ ಕಾನ್‌ಸ್ಟಂಟೈನ್ ಶಾಸನ ಹೊರಡಿಸಿದ್ದ. ಅರ್ಧ ಶತಮಾನ ಕಳೆದರೂ ರೋಮಿನಲ್ಲಿ ಆಟ ನಡೆದೇ ಇತ್ತು. ಅಲಿಪಿಯಸ್‌ನ ಕಾಲಕ್ಕಿಂತ ಮೂರು ಶತಮಾನ ಹಿಂದೆ, ಕ್ರಿಸ್ತಶಕ 80ರಲ್ಲಿ ಉದ್ಘಾಟನೆಯಾದ ಕಲೋಸಿಯಂನಲ್ಲಿ ಹತ್ತಾರು ಸಾವಿರ ಜನ ಒಟ್ಟಿಗೆ ಕೂರಬಹುದಿತ್ತು. ಗೆಳೆಯರು ಸಿಕ್ಕಿದ ಜಾಗದಲ್ಲಿ ಕುಳಿತರು. ಸುತ್ತಲೂ ಜನ ಕುದಿಯುತ್ತಿದ್ದರು. ಅಲಿಪಿಯಸ್ ಹೇಳಿದಂತೆಯೇ ಮಾಡಿದ: ಕಣ್ಣಿನ ಬಾಗಿಲು ಹಾಕಿಕೊಂಡ, ಮನಸ್ಸಿಗೆ ಹೊರಗೆ ಹೋಗಬೇಡವೆಂದು ಅಪ್ಪಣೆ ಕೊಟ್ಟ.

ಕಿವಿಯನ್ನೂ ಮುಚ್ಚಿಕೊಂಡಿದ್ದರೆ! ಇದು ನನ್ನ ಉದ್ಗಾರವಲ್ಲ, ಅಗಸ್ಟೀನನದೇ.

ಕಾಳಗದಲ್ಲಿ ಯಾರೋ ಬಿದ್ದ. ಇಡೀ ಜನಸ್ತೋಮದಿಂದ ಒಂದು ಅಬ್ಬರ ಎದ್ದು ಅವನಿಗೆ ಬಡಿಯಿತು. ಏನಾಯಿತು ಎಂಬ ಕುತೂಹಲ. ಆ ಅರೆಕ್ಷಣದಲ್ಲಿ ಅವನ ಮನಸ್ಸು ಆಡಿದ ಆಟವನ್ನು ಅಗಸ್ಟೀನ ಎಷ್ಟು ಹತ್ತಿರದಿಂದ ಹಿಡಿದಿದ್ದಾನೆ ನೋಡಿ: ಏನೇ ಕಂಡರೂ ಕಂಡ ಮೇಲೂ ತಿರಸ್ಕರಿಸುತ್ತೇನೆ, ಗೆಲ್ಲುತ್ತೇನೆ ಎಂಬ ಸಿದ್ಧತೆಯಲ್ಲಿ ಅವನು ಕಣ್ಣು ತೆರೆದ. ಸೋಲುತ್ತೇನೆ ಎಂದುಕೊಂಡು ಯಾರೂ ಕಣ್ಣು ತೆರೆಯುವುದಿಲ್ಲ. ಒಂದೇ ಒಂದು ಸಲ ನೋಡಿ ಅಳಿಸಿಬಿಡುತ್ತೇನೆ, ಇದು ನನ್ನ ಮೇಲೆ ಈಗ ಏನೂ ಮಾಡದೆಂದು ಖಾತ್ರಿ ಮಾಡಿಕೊಳ್ಳುತ್ತೇನೆ ಎಂದು ಹೇಳಿದವರ ಎದುರು ನಾನು ಕುಳಿತಿದ್ದೇನೆ. ಅದೇ ಮಾತು. ಹದಿನಾರು ಶತಮಾನಗಳಲ್ಲಿ ಮನಸ್ಸು ಹೊಸ ನೆಪ ಕಲಿತಿಲ್ಲ.

ಅಂಕಣದಲ್ಲಿ ಬಿದ್ದವನ ಮೈಗೆ ಆದ ಗಾಯಕ್ಕಿಂತ ಆಳವಾದ ಗಾಯ ನೋಡಿದವನ ಆತ್ಮಕ್ಕಾಯಿತು; ಯಾರ ಬೀಳುವಿಕೆಗೆ ಆ ಕೂಗು ಎದ್ದಿತೋ ಅವನಿಗಿಂತ ದಯನೀಯವಾಗಿ ಇವನು ಬಿದ್ದ ಎನ್ನುತ್ತಾನೆ ಅಗಸ್ಟೀನ. ರಕ್ತ ಕಂಡದ್ದೇ ತಡ, ಅದರೊಂದಿಗೆ ಕ್ರೌರ್ಯವನ್ನೂ ಕುಡಿದ. ಮುಖ ತಿರುಗಿಸಲಿಲ್ಲ, ನೆಟ್ಟ ನೋಟದಲ್ಲಿ ನೋಡಿದ. ಕುಡಿಯುತ್ತಿದ್ದೇನೆಂಬ ಅರಿವೂ ಇರಲಿಲ್ಲ. ಬಂದಾಗ ಇದ್ದವನು ಅವನಾಗಿ ಉಳಿದಿರಲಿಲ್ಲ; ಯಾವ ಗುಂಪಿಗೆ ಬಂದಿದ್ದನೋ ಆ ಗುಂಪಿನವನಾಗಿದ್ದ. ನೋಡಿದ, ಕೂಗಿದ, ಉರಿದೆದ್ದ. ಮನೆಗೆ ಹೋಗುವಾಗ ಒಂದು ಹುಚ್ಚನ್ನು ಜೊತೆಗೇ ಕೊಂಡೊಯ್ದ. ಆಮೇಲೆ ಕರೆದೊಯ್ದವರ ಜೊತೆಗೆ ಮಾತ್ರವಲ್ಲ, ಅವರಿಗಿಂತ ಮುಂದಾಗಿ ಹೋಗತೊಡಗಿದ. ಬೇರೆಯವರನ್ನು ಎಳೆದುಕೊಂಡು ಹೋಗತೊಡಗಿದ.

ಕೊನೆಯ ವಾಕ್ಯವನ್ನು ದಾಟಿ ಹೋಗಬಾರದು. ಎಳೆಸಿಕೊಂಡು ಬಂದವನು ಎಳೆಯುವವನಾದ. ಚಟದ ಬಗ್ಗೆ ಮಾತಾಡುವಾಗ ನಾವು ಅದನ್ನು ಒಬ್ಬನ ಒಳಗಿನ ಜಗಳವೆಂದೇ ಲೆಕ್ಕ ಹಾಕುತ್ತೇವೆ. ಅಲಿಪಿಯಸ್‌ನಿಂದಾಗಿ ಆ ಮೆಟ್ಟಿಲು ಹತ್ತಿದ ಹುಡುಗರ ಲೆಕ್ಕ ಯಾರಲ್ಲೂ ಇಲ್ಲ. ಅವನು ಪಶ್ಚಾತ್ತಾಪಪಟ್ಟ ದಿನ ಅವರೆಲ್ಲ ಎಲ್ಲಿದ್ದರೋ.

ಬೇರು ಎಲ್ಲಿದೆ

ಚಟ ಯಾವುದು ಎಂಬುದು ಒಂದು ಪ್ರಶ್ನೆ; ಅದು ಯಾವ ಬೇರಿನಿಂದ ಚಿಗುರಿತು ಎಂಬುದು ಇನ್ನೊಂದು. ಅಲಿಪಿಯಸ್‌ನ ವಿಷಯದಲ್ಲಿ ಎರಡನೆಯದಕ್ಕೆ ಉತ್ತರ ಕೊಡುವಷ್ಟು ಸಾಮಗ್ರಿ ಅಗಸ್ಟೀನನ ಬರಹದಲ್ಲೇ ಚದುರಿಬಿದ್ದಿದೆ. ನಾನು ಅದನ್ನು ಒಂದೆಡೆ ಕೂಡಿಸುತ್ತಿದ್ದೇನೆ, ಅಷ್ಟೆ.

ಕಾರ್ಥೇಜಿನಲ್ಲಿ ಒಮ್ಮೆ ಮಟಮಟ ಮಧ್ಯಾಹ್ನ ಅವನು ಬರೆಯುವ ಹಲಗೆ ಹಿಡಿದು, ಪಾಠ ಬಾಯಿಪಾಠ ಮಾಡುತ್ತಾ ನ್ಯಾಯಸ್ಥಾನದ ಮುಂದೆ ಅಡ್ಡಾಡುತ್ತಿದ್ದ. ಕಳ್ಳನೊಬ್ಬ ಕೊಡಲಿ ತಂದು ಅಕ್ಕಸಾಲಿಗರ ಬೀದಿಯ ಮೇಲಿನ ಸೀಸದ ಜಾಲರಿಯನ್ನು ಕಡಿಯುತ್ತಿದ್ದವನು, ಸದ್ದು ಕೇಳಿ ಜನ ಎಚ್ಚೆತ್ತದ್ದು ತಿಳಿದು ಕೊಡಲಿ ಬಿಸುಟು ಓಡಿದ. ಒಬ್ಬ ಓಡಿಹೋದದ್ದನ್ನು ಕಂಡ ಅಲಿಪಿಯಸ್‌ಗೆ ಅದೇಕೆಂದು ತಿಳಿಯಬೇಕೆನಿಸಿತು. ಒಳಗೆ ಹೋದ. ಕೊಡಲಿ ಬಿದ್ದಿತ್ತು. ಅದನ್ನು ಕೈಗೆತ್ತಿಕೊಂಡು ಅಚ್ಚರಿಯಿಂದ ನೋಡುತ್ತಾ ನಿಂತ. ಹಿಡಿಯಲು ಬಂದವರಿಗೆ ಇನ್ನೇನು ಬೇಕು? ಕಳ್ಳನೆಂದು ಎಳೆದೊಯ್ದರು, ಪರಿಚಯದ ಅಧಿಕಾರಿಯೊಬ್ಬ ದಾರಿಯಲ್ಲಿ ಎದುರಾದದ್ದರಿಂದ ಬಚಾವಾದ. ಮುಂದೆ ನ್ಯಾಯ ಹೇಳಬೇಕಾದವನು ಯಾರನ್ನೂ ಅವಸರದಲ್ಲಿ ದೋಷಿ ಎನ್ನಬಾರದೆಂದು ಕಲಿಯಲಿ ಎಂದೇ ದೇವರು ಹೀಗಾಗಲು ಬಿಟ್ಟ ಎಂಬುದು ಅಗಸ್ಟೀನನ ವ್ಯಾಖ್ಯಾನ. ಇರಬಹುದು. ನನಗೆ ಕಾಣುವುದು ಆ ಕೊಡಲಿ ಎತ್ತಿಕೊಂಡ ಕೈ.

ಇನ್ನೊಂದು ಮಿಲಾನಿನದು. ಸ್ತ್ರೀಸಂಗದ ವಿಷಯದಲ್ಲಿ ಅಲಿಪಿಯಸ್ ಗುರುವಿಗಿಂತ ಎಷ್ಟೋ ಮೇಲು. ಎಳೆಯ ವಯಸ್ಸಿನಲ್ಲಿ ಒಮ್ಮೆ ಎಡವಿ, ಹೇಸಿ, ಬಿಟ್ಟವನು. ಅಂಥವನಿಗೂ, ಹೆಣ್ಣಿಲ್ಲದೆ ಬದುಕಲಾರೆ ಎಂದು ಅಗಸ್ಟೀನ ಹಲುಬುವುದನ್ನು ಕೇಳಿ ಕೇಳಿ ಮದುವೆಯಾಗಬೇಕೆಂಬ ಆಸೆ ಹುಟ್ಟಿತು. ಸುಖದ ಆಸೆಯಿಂದಲ್ಲ, ಕುತೂಹಲದಿಂದ ಎಂದು ಅಗಸ್ಟೀನ ಸ್ಪಷ್ಟವಾಗಿಯೇ ಬರೆದಿದ್ದಾನೆ. ಇವನಿಗೆ ಬಿಡಲಾಗದೆ ಹೋದದ್ದು ಅದೆಂಥದ್ದಿರಬಹುದು ಎಂದು ತಿಳಿಯುವ ತವಕ.

ಕೊಡಲಿ, ಕಾಳಗ, ಮದುವೆ. ಮೂರರಲ್ಲೂ ಅವನನ್ನು ಒಳಗೆ ಕರೆದದ್ದು ಒಂದೇ: ಅಲ್ಲೇನಾಗುತ್ತಿದೆ? ಬೈಬಲ್ಲಿನಲ್ಲಿರುವ ಯೋಹಾನನ ಮೊದಲನೆಯ ಪತ್ರದ ಎರಡನೆಯ ಅಧ್ಯಾಯ ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ ಎಂದು ಮೂರನ್ನು ಹೆಸರಿಸುತ್ತದೆ. ಅದರಲ್ಲಿ ಕಣ್ಣಿನಾಶೆ ಎಂದರೆ ಅಗಸ್ಟೀನನ ಪ್ರಕಾರ ಈ ಕುತೂಹಲವೇ. ಅದಕ್ಕೆ ಚೆಂದದ ವಸ್ತುವೇ ಬೇಕೆಂದಿಲ್ಲ, ಜಜ್ಜಿಹೋದ ಹೆಣವನ್ನೂ ಅದು ನೋಡಬಯಸುತ್ತದೆ.

ಈಗ ಎದುರು ಪುರಾವೆಯನ್ನೂ ಹೇಳಬೇಕು. ಇದೇ ಅಲಿಪಿಯಸ್ ರೋಮಿನಲ್ಲಿ ಖಜಾನೆ ಅಧಿಕಾರಿಯ ಬಳಿ ನ್ಯಾಯಸಲಹೆಗಾರನಾಗಿದ್ದಾಗ ಪ್ರಬಲ ಸೆನೆಟರ್ ಒಬ್ಬ ಕಾನೂನಿಗೆ ವಿರುದ್ಧವಾದ ಏನನ್ನೋ ಮಾಡಿಸಿಕೊಳ್ಳಲು ಬಂದ. ಇವನು ಒಪ್ಪಲಿಲ್ಲ. ಲಂಚ ಒಡ್ಡಿದ, ನಕ್ಕುಬಿಟ್ಟ. ಬೆದರಿಕೆ ಬಂತು, ತುಳಿದುಹಾಕಿದ. ಮೇಲಧಿಕಾರಿಯೇ ನೇರವಾಗಿ ಇಲ್ಲವೆನ್ನಲು ಅಂಜಿ, ಅಲಿಪಿಯಸ್ ಬಿಡುತ್ತಿಲ್ಲ ಎಂದು ಇವನ ಮೇಲೆ ಹಾಕುತ್ತಿದ್ದ. ಹೊನ್ನಿಗಿಂತ ಪ್ರಾಮಾಣಿಕತೆ ಯಾಕೆ ಕಡಿಮೆಯಾಗುತ್ತದೋ ಎಂದು ಅಚ್ಚರಿಪಡುತ್ತಿದ್ದವನು. ಇಂಥ ಗಟ್ಟಿಗ ಒಂದು ಕೂಗಿಗೆ ಕಣ್ಣು ತೆರೆದು ಕೆಟ್ಟ. ಹಾಗಾದರೆ ಸಂಕಲ್ಪಶಕ್ತಿ ಸಾಲದು ಎಂಬ ಸುಲಭದ ತೀರ್ಪು ಇಲ್ಲಿ ನಡೆಯುವುದಿಲ್ಲ. ಅವನ ಸಂಕಲ್ಪಶಕ್ತಿ ಸೆನೆಟರನನ್ನೇ ಹಿಮ್ಮೆಟ್ಟಿಸುವಷ್ಟಿತ್ತು. ಲಂಚ ಮುಂಬಾಗಿಲಿಗೆ ಬಂದಿತ್ತು, ಅಲ್ಲಿ ಕಾವಲುಗಾರ ನಿಂತಿದ್ದ. ಕಾಳಗ ಬಂದದ್ದು ಕಾವಲಿಲ್ಲದ ಕಿವಿಯ ಕಡೆಯಿಂದ.

ಬಿದ್ದುದಕ್ಕೆ ಅಗಸ್ಟೀನ ಕೊಡುವ ಕಾರಣ ಒಂದೇ ಸಾಲಿನದು. ಅಲ್ಲಿನ ಲ್ಯಾಟಿನ್ ಪದಗಳನ್ನು ಇಲ್ಲಿ ಇಡಬೇಕಾಗಿದೆ, ಏಕೆಂದರೆ ಅವು ಮುಂದೆ ಮತ್ತೆ ಬರುತ್ತವೆ. ಆ ಮನಸ್ಸು ಇನ್ನೂ 'ಫೋರ್ಟಿಸ್', ಅಂದರೆ ಬಲಶಾಲಿ, ಆಗಿರಲಿಲ್ಲ, 'ಆಡಾಕ್ಸ್', ಅಂದರೆ ಎದೆಗಾರ, ಅಷ್ಟೇ ಆಗಿತ್ತು. ದೇವರ ಮೇಲೆ ಭರವಸೆಯಿಡಬೇಕಾದ ಕಡೆ ತನ್ನ ಮೇಲೇ ಭರವಸೆಯಿಟ್ಟಷ್ಟೂ 'ಇನ್ಫಿರ್ಮಿಯೋರ್', ಇನ್ನಷ್ಟು ಬಲಹೀನ, ಆಗಿತ್ತು.

ನಡುವಿನ ವರ್ಷಗಳು

ಅಲ್ಲಿಂದ ನೀನು ಅವನನ್ನು ಬಲವಾದ ಕರುಣೆಯ ಕೈಯಿಂದ ಕಿತ್ತೆ, ತನ್ನನ್ನು ನಂಬದೆ ನಿನ್ನನ್ನು ನಂಬಲು ಕಲಿಸಿದೆ ಎಂದು ದೇವರಿಗೆ ಹೇಳಿ, ಅಗಸ್ಟೀನ ಒಂದು ಬಾಲಂಗೋಚಿ ಸೇರಿಸುತ್ತಾನೆ: ಆದರೆ ಬಹಳ ಕಾಲದ ಮೇಲೆ. ಬೋಧಕರು ಈ ಬಾಲಂಗೋಚಿಯನ್ನು ಕತ್ತರಿಸಿ ಕಥೆ ಹೇಳುವುದನ್ನು ಕೇಳಿದ್ದೇನೆ. ಕತ್ತರಿಸಬಾರದು. ಎರಡನೆಯ ಸಲ, ಐದನೆಯ ಸಲ ಬಿದ್ದು ಮುಖ ಎತ್ತಲಾರದೆ ಕುಳಿತವನಿಗೆ ಬೇಕಾದದ್ದು ಇದೇ ಸಾಲು.

ಆ ಕಾಲದಲ್ಲಿ ಅವನ ತಲೆಯಲ್ಲಿ ಎರಡು ತಪ್ಪು ಎಣಿಕೆಗಳಿದ್ದವು. ಒಂದು, ಗುರುವಿನೊಂದಿಗೆ ತಾನೂ ಸಿಕ್ಕಿಕೊಂಡಿದ್ದ ಮಾನಿ ಪಂಥದ್ದು. ಮೂರನೆಯ ಶತಮಾನದಲ್ಲಿ ಪರ್ಷಿಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಈ ಪಂಥ ಬೆಳಕು ಮತ್ತು ಕತ್ತಲೆಯ ಎರಡು ತತ್ತ್ವಗಳನ್ನು ಹೇಳುತ್ತಿತ್ತು. ಪಾಪ ಮಾಡುವುದು ನಾನಲ್ಲ, ನನ್ನೊಳಗಿರುವ ಇನ್ನಾವುದೋ ಪ್ರಕೃತಿ ಎಂಬ ಭಾವನೆ ತನಗೆ ಹಿತವಾಗಿತ್ತೆಂದು ಅಗಸ್ಟೀನ ಒಪ್ಪಿಕೊಳ್ಳುತ್ತಾನೆ. ಅಲಿಪಿಯಸ್ ಅದಕ್ಕೆ ಮರುಳಾದದ್ದು ಅವರ ಸಂಯಮದ ತೋರಿಕೆ ಕಂಡು. ಹೇಗೂ ಆಗಲಿ, ತಪ್ಪು ನನ್ನದಲ್ಲ ಎಂದವನು ಯಾವ ಬಾಯಲ್ಲಿ ಕ್ಷಮೆ ಕೇಳಿಯಾನು?

ಎರಡನೆಯದು ಸ್ವಲ್ಪ ನವಿರಾದದ್ದು, ಬಹುಮಂದಿ ಗಮನಿಸದೆ ಬಿಡುವಂಥದ್ದು. ಸಭೆಯು ನಂಬುವ ಕ್ರಿಸ್ತನಲ್ಲಿ ದೇವರೂ ಶರೀರವೂ ಮಾತ್ರ ಇವೆ, ಮನುಷ್ಯನ ಆತ್ಮ, ಮನುಷ್ಯನ ಮನಸ್ಸು ಇಲ್ಲ ಎಂದು ಅಲಿಪಿಯಸ್ ತಿಳಿದುಕೊಂಡಿದ್ದ. ಸುವಾರ್ತೆಗಳಲ್ಲಿ ಕಾಣುವ ಯೇಸುವಿಗೆ ಇದು ಹೊಂದುವುದಿಲ್ಲವೆಂದು ನಂಬಿಕೆಯ ಕಡೆ ನಿಧಾನವಾಗಿ ಹೆಜ್ಜೆಯಿಡುತ್ತಿದ್ದ. ಅದು ಸಭೆಯ ಬೋಧನೆಯಲ್ಲ, ಅಪೊಲಿನಾರಿಸ್ ಎಂಬ ಬಿಷಪ್‌ನ ಅನುಯಾಯಿಗಳ ತಪ್ಪು ಎಂದು ಆಮೇಲೆ ತಿಳಿದು ಸಂತೋಷಪಟ್ಟ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂಡಿದ ಬಿಷಪ್‌ಗಳ ಮಹಾಸಭೆ ಆ ಮತವನ್ನು ತಳ್ಳಿಹಾಕಿತ್ತು. ಇದನ್ನು ದೇವತಾಶಾಸ್ತ್ರದ ಒಣ ವಿವಾದವೆಂದು ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ. ಮನುಷ್ಯನ ಮನಸ್ಸೇ ಇಲ್ಲದ ರಕ್ಷಕನಿಗೆ, ಗುಂಪಿನ ಕೂಗು ಕೇಳಿ ಅಲ್ಲಾಡುವ ಮನಸ್ಸಿನ ಬಗ್ಗೆ ಏನು ಗೊತ್ತು? ನಮ್ಮ ಬಲಹೀನತೆಗಳಿಗೆ ಮರುಗುವ, ನಮ್ಮಂತೆಯೇ ಎಲ್ಲ ವಿಧದಲ್ಲೂ ಶೋಧಿಸಲ್ಪಟ್ಟರೂ ಪಾಪವಿಲ್ಲದ ಮಹಾಯಾಜಕನೆಂದು ಇಬ್ರಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ಹೇಳುವಾಗ, ಅದಕ್ಕೆ ಅರ್ಥ ಬರುವುದು ಅವನಿಗೂ ಒಂದು ಮನಸ್ಸಿದ್ದರೆ ಮಾತ್ರ.

ಇಲ್ಲೊಂದು ಅಡ್ಡಮಾತು. ನಾನು ಹೇಳುತ್ತಿರುವುದು ನೋಡುವ ಚಟದ ಕಥೆ. ಕುಡಿತದಂತೆ ಮೈಯನ್ನೇ ಹಿಡಿದುಕೊಂಡ ಚಟಗಳಲ್ಲಿ ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು, ಅಲ್ಲಿ ವೈದ್ಯರು ಬೇಕು. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆ ಎಂದು ತಡೆಯುವವರು ತಾವು ಏನು ಮಾಡುತ್ತಿದ್ದೇವೆಂದು ಯೋಚಿಸಬೇಕು.

ತೋಟದಲ್ಲಿ

386ರ ಬೇಸಿಗೆಯ ಕೊನೆ, ಮಿಲಾನ್. ಇಬ್ಬರೂ ಒಂದೇ ಮನೆಯಲ್ಲಿದ್ದರು. ಪೊಂಟಿಶಿಯಾನಸ್ ಎಂಬ ಆಫ್ರಿಕಾದ ಪರಿಚಿತ ಬಂದ. ಆಟದ ಮೇಜಿನ ಮೇಲೆ ಒಂದು ಪುಸ್ತಕ ಕಂಡು, ಮೇಷ್ಟ್ರ ಪಾಠದ ಪುಸ್ತಕವಿರಬೇಕೆಂದು ತೆರೆದರೆ ಅಪೊಸ್ತಲ ಪೌಲನ ಪತ್ರಗಳು. ಕ್ರೈಸ್ತನಾದ ಅವನಿಗೆ ಖುಷಿಯಾಯಿತು. ಈಜಿಪ್ಟಿನ ಸಂನ್ಯಾಸಿ ಅಂತೋನಿಯ ಕಥೆಯನ್ನೂ, ಆ ಕಥೆ ಓದಿ ನಿಂತ ನಿಲುವಿನಲ್ಲೇ ಚಾಕರಿ ಬಿಟ್ಟ ಇಬ್ಬರು ಅಧಿಕಾರಿಗಳ ಸಂಗತಿಯನ್ನೂ ಹೇಳಿಹೋದ. ಅಗಸ್ಟೀನನೊಳಗೆ ಬಿರುಗಾಳಿ ಎದ್ದಿತು. ಓದಿಲ್ಲದವರು ಎದ್ದು ಪರಲೋಕವನ್ನು ವಶಮಾಡಿಕೊಳ್ಳುತ್ತಿದ್ದಾರೆ, ನಾವು ಇಷ್ಟೆಲ್ಲ ಓದಿ ಕೆಸರಿನಲ್ಲಿ ಹೊರಳುತ್ತಿದ್ದೇವೆ ಎಂದು ಅಲಿಪಿಯಸ್‌ಗೆ ಕೂಗಿ ಹೇಳಿ ತೋಟಕ್ಕೆ ನಡೆದ. ಅಲಿಪಿಯಸ್ ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ಹೋದ.

ಮುಂದಿನದು ಪ್ರಸಿದ್ಧ. ಅಗಸ್ಟೀನ ತಲೆಗೂದಲು ಕಿತ್ತುಕೊಂಡ, ಹಣೆ ಬಡಿದುಕೊಂಡ, ಕೊನೆಗೆ ಅಳು ತಡೆಯಲಾರದೆ ಎದ್ದು ದೂರ ಹೋಗಿ ಅಂಜೂರದ ಮರದಡಿ ಬಿದ್ದುಕೊಂಡ. ಅಷ್ಟು ಹೊತ್ತೂ ಅಲಿಪಿಯಸ್ ಪಕ್ಕದಲ್ಲಿ ಕುಳಿತು ಏನಾಗುವುದೋ ಎಂದು ಮೌನವಾಗಿ ಕಾಯುತ್ತಿದ್ದ. ಬುದ್ಧಿವಾದ ಹೇಳಲಿಲ್ಲ, ವಚನ ಒಪ್ಪಿಸಲಿಲ್ಲ. ಅಂಕಣದಲ್ಲಿ ಪಂಥ ಕಟ್ಟಿ ಕುಳಿತವನೂ ಇಲ್ಲಿ ಸುಮ್ಮನೆ ಕುಳಿತವನೂ ಒಬ್ಬನೇ. ಇದನ್ನು ನೋಡಿದರೆ ನಡುವಿನ ವರ್ಷಗಳಲ್ಲಿ ಏನೋ ನಡೆದಿತ್ತು ಎನಿಸುತ್ತದೆ.

ಎತ್ತಿಕೊಂಡು ಓದು ಎಂಬ ಮಗುವಿನ ದನಿ ಕೇಳಿದ ಅಗಸ್ಟೀನ ಅಲಿಪಿಯಸ್ ಕುಳಿತಿದ್ದಲ್ಲಿಗೇ ಓಡಿಬಂದ, ಏಕೆಂದರೆ ಪುಸ್ತಕ ಅಲ್ಲಿತ್ತು. ತೆರೆದು ಕಣ್ಣಿಗೆ ಬಿದ್ದದ್ದನ್ನು ಓದಿದ. ರೋಮಾಪುರದವರಿಗೆ ಬರೆದ ಪತ್ರ, 13ನೆಯ ಅಧ್ಯಾಯದ ಕೊನೆ: ದುಂದೌತಣ ಕುಡಿಕತನಗಳನ್ನು ಬಿಟ್ಟು ಕರ್ತನಾದ ಯೇಸು ಕ್ರಿಸ್ತನನ್ನು ಧರಿಸಿಕೊಳ್ಳಿರಿ. ಅವನಿಗೆ ಅಷ್ಟು ಸಾಕಾಯಿತು. ಓದಿದ ಜಾಗದಲ್ಲಿ ಬೆರಳನ್ನೋ ಇನ್ನೇನನ್ನೋ ಗುರುತಿಗಿಟ್ಟು, ತಿಳಿಯಾದ ಮುಖದಲ್ಲಿ ಅಲಿಪಿಯಸ್‌ಗೆ ಹೇಳಿದ.

ಓದಿದ್ದೇನೆಂದು ತೋರಿಸು ಎಂದ ಅಲಿಪಿಯಸ್. ಮತ್ತೆ ಅದೇ ಕಣ್ಣು, ಅದೇ ಕುತೂಹಲ! ಅಗಸ್ಟೀನ ತೋರಿಸಿದ. ಇವನು ಅಲ್ಲಿಗೆ ನಿಲ್ಲಲಿಲ್ಲ, ಗೆಳೆಯ ಓದಿದ್ದಕ್ಕಿಂತ ಮುಂದಕ್ಕೆ ನೋಡಿದ. ಮುಂದಿನ ಸಾಲು 14ನೆಯ ಅಧ್ಯಾಯದ ಮೊದಲನೆಯದು: ನಂಬಿಕೆಯಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಿರಿ. ಇದು ನನಗೆ ಎಂದ.

ಅಗಸ್ಟೀನ ಕೊಡುವ ಲ್ಯಾಟಿನ್ ಪಾಠದಲ್ಲಿ ಆ ಸಾಲಿನ ಮೊದಲ ಪದ 'ಇನ್ಫಿರ್ಮುಂ'. ಅಂಕಣದಲ್ಲಿ ಬಿದ್ದ ಅಲಿಪಿಯಸ್‌ಗೆ ಅವನು ಹಚ್ಚಿದ್ದು ಇದೇ ಪದದ ಇನ್ನೊಂದು ರೂಪ. ಅಂದು ತೀರ್ಪಾಗಿದ್ದ ಪದ ಇಂದು ಕರೆಯೋಲೆಯಾಗಿ ಬಂತು. ಗಮನಿಸಿ, ಬಲಹೀನನನ್ನು ಬಲಪಡಿಸಿ ಆಮೇಲೆ ಸೇರಿಸಿಕೊಳ್ಳಿ ಎಂದು ಪೌಲ ಬರೆಯಲಿಲ್ಲ. ಪೌಲನ ಸಂದರ್ಭ ಬೇರೆ, ನಿಜ. ಯಾವುದನ್ನು ತಿನ್ನಬಹುದು, ಯಾವ ದಿನವನ್ನು ಆಚರಿಸಬೇಕು ಎಂಬ ಜಗಳದಲ್ಲಿ ಒಬ್ಬರನ್ನೊಬ್ಬರು ತಳ್ಳಬೇಡಿ ಎಂದು ಹೇಳುತ್ತಿದ್ದಾನೆ. ಹೀಗೆ ಬೆರಳಿಟ್ಟ ಜಾಗದ ವಚನವನ್ನು ತನಗೆಂದೇ ತೆಗೆದುಕೊಳ್ಳುವ ಪದ್ಧತಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಆದರೆ ಅಲಿಪಿಯಸ್ ಆರಿಸಿಕೊಂಡದ್ದೇನೆಂಬುದು ಮುಖ್ಯ. ಮೇಲಿನ ಸಾಲಿನಲ್ಲೇ ಬಿಡು, ಧರಿಸಿಕೋ ಎಂಬ ಗಂಡುಮೆಟ್ಟಿನ ಆಜ್ಞೆಗಳಿದ್ದವು. ಹಳೆಯ ಅಲಿಪಿಯಸ್ ಅವನ್ನೇ ಹಿಡಿಯುತ್ತಿದ್ದ. ಈ ದಿನ ಅವುಗಳನ್ನು ದಾಟಿ, ಬಲಹೀನ ಎಂಬ ಪದದ ಮೇಲೆ ಬೆರಳಿಟ್ಟ. ಅದನ್ನು ತನ್ನೊಳಗೇ ಇಟ್ಟುಕೊಳ್ಳದೆ ಪಕ್ಕದಲ್ಲಿದ್ದವನಿಗೆ ಬಾಯಿಬಿಟ್ಟು ಹೇಳಿದ. ಯಾವ ತಳಮಳವೂ ತಡವೂ ಇಲ್ಲದೆ ಗೆಳೆಯನ ನಿರ್ಧಾರಕ್ಕೆ ಸೇರಿಕೊಂಡ. ಇಬ್ಬರೂ ಒಳಗೆ ಹೋಗಿ ಅಗಸ್ಟೀನನ ತಾಯಿ ಮೋನಿಕಾಗೆ ವಿಷಯ ತಿಳಿಸಿದರು.

ಚಟ ಬಿಡಲು ಬರುವವರು ಸಾಮಾನ್ಯವಾಗಿ ಬಾಗಿಲಲ್ಲೇ ಆಣೆ ಇಡುತ್ತಾರೆ: ಇನ್ನೆಂದೂ ಇಲ್ಲ, ದೇವರಾಣೆ. ಕೇಳಲು ಚೆನ್ನಾಗಿರುತ್ತದೆ. ನನಗೀಗ ಆಣೆ ಕೇಳಿದರೆ ಭಯ. ಆಣೆಯಲ್ಲಿ ಇರುವುದೆಲ್ಲ ನಾಳಿನ ನನ್ನ ಬಗ್ಗೆ. ಪಾಪನಿವೇದನೆಯಲ್ಲಿ ಇರುವುದು ನಿನ್ನೆ ರಾತ್ರಿ ಏನು ಮಾಡಿದೆ ಎಂಬುದು. ಎರಡನೆಯದನ್ನು ಹೇಳುವಾಗ ದನಿ ತಗ್ಗುತ್ತದೆ, ಕೈ ಏನನ್ನೋ ತಡಕುತ್ತದೆ. ಅಲ್ಲಿಂದ ಮಾತು ಶುರುವಾದರೆ ಮುಂದಿನ ವಾರ ಆ ವ್ಯಕ್ತಿ ಮತ್ತೆ ಬರುತ್ತಾರೆ, ಬಿದ್ದಿದ್ದರೂ ಬರುತ್ತಾರೆ. ಆಣೆ ಇಟ್ಟವರು ಬಿದ್ದ ಮೇಲೆ ಬರುವುದಿಲ್ಲ.

ಆಮೇಲೆ

387ರ ಈಸ್ಟರ್ ಹಬ್ಬದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸರ ಕೈಯಿಂದ ಅಗಸ್ಟೀನ, ಅವನ ಮಗ ಅದಿಯೋದಾತುಸ್, ಅಲಿಪಿಯಸ್ ಮೂವರೂ ಒಟ್ಟಿಗೆ ದೀಕ್ಷಾಸ್ನಾನ ಪಡೆದರು. ನಂತರ ಆಫ್ರಿಕಾಕ್ಕೆ ಮರಳಿ ತಗಸ್ತೆಯಲ್ಲಿ ಗೆಳೆಯರೊಂದಿಗೆ ಕೂಡಿ ಬಾಳಿದರು. ಒಬ್ಬೊಬ್ಬರೇ ಇದ್ದು ಗೆಲ್ಲುವ ಯೋಚನೆಯೇ ಅವರಿಗೆ ಮತ್ತೆ ಬಂದಂತಿಲ್ಲ.

ಕಣ್ಣಿನಾಶೆ ಸತ್ತುಹೋಯಿತೇ? ಅಗಸ್ಟೀನ ಬಿಷಪ್ ಆದ ಮೇಲೆ ತನ್ನ ಬಗ್ಗೆ ಬರೆದದ್ದಿದೆ: ನಾಯಿ ಮೊಲವನ್ನು ಅಟ್ಟುವುದನ್ನು ನೋಡಲು ಈಗ ಸರ್ಕಸ್ಸಿಗೆ ಹೋಗುವುದಿಲ್ಲ, ಆದರೆ ಹೊಲದ ದಾರಿಯಲ್ಲಿ ಅದು ಕಂಡರೆ ಯಾವುದೋ ಗಹನವಾದ ಯೋಚನೆಯಿಂದಲೂ ನನ್ನನ್ನು ಸೆಳೆದುಕೊಳ್ಳುತ್ತದೆ, ಮನೆಯಲ್ಲಿ ಕುಳಿತಾಗ ಹಲ್ಲಿ ನೊಣ ಹಿಡಿಯುವುದನ್ನೋ, ಜೇಡ ತನ್ನ ಬಲೆಗೆ ಬಿದ್ದದ್ದನ್ನು ಸುತ್ತುವುದನ್ನೋ ನೋಡುತ್ತಾ ಕೂರುತ್ತೇನೆ. ಪ್ರಾಣಿ ಸಣ್ಣದೆಂದ ಮಾತ್ರಕ್ಕೆ ಬೇರೆಯಾಯಿತೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಗೋಡೆಯ ಮೇಲಿನ ಹಲ್ಲಿಯನ್ನೂ ಲೆಕ್ಕಕ್ಕೆ ಹಿಡಿದ ಆ ಮನುಷ್ಯನ ಪ್ರಾಮಾಣಿಕತೆ ನನಗೆ ಇಷ್ಟ. ಅವನು ತನಗೆ ಎಲ್ಲ ಗುಣವಾಗಿದೆ ಎಂದು ಎಲ್ಲೂ ಹೇಳಲಿಲ್ಲ.

ಅಲಿಪಿಯಸ್‌ನ ಬಗ್ಗೆ, ದೀಕ್ಷಾಸ್ನಾನದ ಪ್ರಸಂಗದಲ್ಲಿ ಒಂದು ಮಾತಿದೆ. ಅವನು ಆಗಲೇ ದೀನತೆಯನ್ನು ಧರಿಸಿಕೊಂಡಿದ್ದ, ಮೈಯನ್ನು ಪಳಗಿಸುವುದರಲ್ಲಿ ಮಹಾಬಲಶಾಲಿಯಾಗಿದ್ದ ಎನ್ನುತ್ತಾನೆ ಅಗಸ್ಟೀನ. ಇಲ್ಲಿ ಬಳಸಿರುವುದು ಅಂದು ಇಲ್ಲವೆಂದಿದ್ದ ಆ 'ಫೋರ್ಟಿಸ್' ಪದವನ್ನೇ. ಎಷ್ಟರಮಟ್ಟಿಗೆ ಎಂದರೆ ಇಟಲಿಯ ಹೆಪ್ಪುಗಟ್ಟಿದ ನೆಲದ ಮೇಲೆ ಅಸಾಮಾನ್ಯ ಎದೆಗಾರಿಕೆಯಿಂದ ಬರಿಗಾಲಲ್ಲಿ ನಡೆದ. ಎದೆಗಾರಿಕೆಗೆ ಬಳಸಿದ ಪದ 'ಆಡಾಕ್ಸ್' ಹುಟ್ಟಿದ ಧಾತುವಿನಿಂದಲೇ ಬಂದದ್ದು. ಗೆಳೆಯರ ಮುಂದೆ ಪಂಥ ಕಟ್ಟಿದ ಆ ಹುಡುಗ ಎಲ್ಲಿಗೂ ಹೋಗಿರಲಿಲ್ಲ. ಮಿಲಾನಿನ ಚಳಿಯಲ್ಲಿ ಅವನ ಪಕ್ಕ ನಾನಿದ್ದಿದ್ದರೆ, ಚಪ್ಪಲಿ ಹಾಕಿಕೊಳ್ಳಪ್ಪ ಎನ್ನುತ್ತಿದ್ದೆ.